ಆ 50,000 ರೂಪಾಯಿ ಕಡಿತ ಎಲ್ಲರಿಗೂ ಇಲ್ಲ

‘ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) 50,000 ಹಾಕಿದರೆ ಯಾರು ಬೇಕಾದರೂ ತೆರಿಗೆ ಉಳಿಸಬಹುದು’ ಅಂತ ಬರೆದಿದ್ದೀರಿ. ತಪ್ಪು ಸಾರ್. ಆದಾಯ ತೆರಿಗೆ ಕಾಯ್ದೆಯ 80ಸಿಸಿಡಿ(1ಬಿ) ಸೆಕ್ಷನ್‌ನ ಆ ಕಡಿತ ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಕೈಯಿಂದ ಎಷ್ಟೇ ಕಟ್ಟಿದರೂ ಆದಾಯದಲ್ಲಿ ಒಂದು ಪೈಸೆ ಕಡಿತ ಸಿಗೋದಿಲ್ಲ. ವಸಂತನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಯಲ್ಲಿ ದುಡಿಯೋರು ಇದನ್ನು ನಂಬಿ ಮಾರ್ಚ್ ಕೊನೇಲಿ ಹಣ ಹಾಕಿದರೆ ತೆರಿಗೆಯೂ ಉಳಿಯಲ್ಲ, ಹಣವೂ ಬೇಕೆಂದಾಗ ಕೈಗೆ ಬರಲ್ಲ.

ಹೊಸ ಪದ್ಧತಿಯಲ್ಲೂ ಸಿಗೋದು 80ಸಿಸಿಡಿ(2): ಕಂಪನಿ ಕಟ್ಟುವ ಪಾಲು, ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ಶೇ 14ರವರೆಗೆ. ನೀವು ಇದನ್ನೇ ಬಿಟ್ಟಿದ್ದೀರಿ! 2025-26ರ ಲೆಕ್ಕ ನೋಡಿ. ಕಂಪನಿ ಪಾಲೂ ಸೇರಿ ವರ್ಷದ ಸಂಬಳ 13,75,000, ತಿಂಗಳ ಮೂಲ ವೇತನ 60,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 13 ಲಕ್ಷ, ಸೆಸ್ ಸೇರಿ ತೆರಿಗೆ 78,000. ಅದೇ ಸಂಬಳದೊಳಗೆ ಕಂಪನಿ ತಿಂಗಳಿಗೆ 8,400 ಎನ್‌ಪಿಎಸ್‌ಗೆ ಕಟ್ಟಿದರೆ ವರ್ಷಕ್ಕೆ 1,00,800 ಕಳೆದು ಉಳಿಯೋದು 11,99,200. 12 ಲಕ್ಷದೊಳಗೆ ಬಂದಿದ್ದರಿಂದ ತೆರಿಗೆ ಸೊನ್ನೆ.

ಎಡವಟ್ಟಾಗೋದು ಎಚ್‌ಆರ್ ಮಟ್ಟದಲ್ಲಿ. ನಿಮ್ಮ ಸಂಬಳದಿಂದ ಮುರಿದು ‘ನೌಕರರ ವಂತಿಗೆ’ ಅಂತ ಕಟ್ಟಿದರೆ ಈ ಲಾಭ ಇಲ್ಲ. ವಿಶೇಷ ಭತ್ಯೆ ಇಳಿಸಿ ‘ಕಂಪನಿ ವಂತಿಗೆ’ ಅಂತ ವೇತನ ರಚನೆಯಲ್ಲೇ ಬರೆಸಿ, ಏಪ್ರಿಲ್‌ನಲ್ಲೇ. ಮೊದಲೇ ಪ್ರಾನ್ (ಎನ್‌ಪಿಎಸ್ ಖಾತೆ ಸಂಖ್ಯೆ) ಇದ್ದರೆ ಇನ್ನೊಂದು ತೆಗೆಸಬೇಡಿ, ಅದನ್ನೇ ಕಾರ್ಪೊರೇಟ್ ವಿಭಾಗಕ್ಕೆ ವರ್ಗಾಯಿಸಿಕೊಳ್ಳಿ. ಕಂಪನಿ ಕೊಡುವ ತೆರಿಗೆ ಪ್ರಮಾಣಪತ್ರ ಫಾರ್ಮ್ 16ರಲ್ಲಿ ಆ ಮೊತ್ತ ಮೊದಲು ಸಂಬಳಕ್ಕೆ ಸೇರಿ, ಆಮೇಲೆ ಕಳೆದಿರಬೇಕು. ಹೊಸ ಪದ್ಧತಿಯಲ್ಲಿ ಸಂಬಳ 12,75,000ದೊಳಗಿದ್ದು ಬೇರೆ ಆದಾಯ ಇಲ್ಲದವರಿಗೆ ಹೇಗೂ ತೆರಿಗೆ ಇಲ್ಲ; ಅವರು ಪಿಂಚಣಿ ಬೇಕಿದ್ದರೆ ಮಾತ್ರ ಕಟ್ಟಲಿ.