ಅಂಚಿಗೆ ಅಂಚು ಕೂಡಿಸಿದರೂ ನಡುವೆ ಬಿಳಿ ಗೀಟು! ಯಾರ ಹತ್ರ ಹೇಳ್ಕೊಳ್ಳೋದು?

ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವವರ ಗೋಳು ಇದು. ಆಕೃತಿಗಳನ್ನು ಜೋಡಿಸಿ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಎರಡು ತ್ರಿಕೋನ, ಒಂದರ ಪಕ್ಕ ಇನ್ನೊಂದು. ಹತ್ತಿರ ತಂದರೆ ತಾನೇ ಅಂಟಿಕೊಳ್ಳುವ ಸ್ನ್ಯಾಪ್ ಆನ್ ಇದೆ. ನೋಡ್ ಮೇಲೆ ನೋಡ್, ಅಂದರೆ ಮೂಲೆಯ ಬಿಂದು ಮೇಲೆ ಬಿಂದು, ಸರಿಯಾಗಿ ಕೂತಿದೆ. ಎಕ್ಸ್, ವೈ ಅಂಕಿಗಳನ್ನು ದಶಾಂಶದವರೆಗೆ ತಾಳೆ ನೋಡಿ ಆಗಿದೆ, ಎರಡೂ ಒಂದೇ. ಹಾಗಿದ್ದೂ ನಡುವೆ ಕೂದಲೆಳೆಯಷ್ಟು ಬಿಳಿ ಗೀಟು ಹಲ್ಲು ಕಿರಿದುಕೊಂಡು ಕೂತಿರುತ್ತದೆ. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಇರಲಿ, ಪುಕ್ಕಟೆ ಸಿಕ್ಕಿದ್ದಿರಲಿ, ಈ ಒಂದು ವಿಷಯದಲ್ಲಿ ಎಲ್ಲರದ್ದೂ ಒಗ್ಗಟ್ಟು.

ನಮ್ಮ ಕುಮಟಾ ಕಡೆ ಡಿಟಿಪಿ ಅಂಗಡಿ ಇಟ್ಟವರಿಗೆ ಈಗ ಎಲ್ಲದಕ್ಕೂ ಕಾವಿ ಕಲೆಯ ಬಾರ್ಡರ್ ಬೇಕು. ದೇವಸ್ಥಾನದ ವರ್ಧಂತಿ ಪತ್ರಿಕೆಗೆ ಕಾವಿ, ಮದುವೆ ಕಾಗದಕ್ಕೆ ಕಾವಿ, ಹೋಂಸ್ಟೇ ಬೋರ್ಡಿಗೂ ಕಾವಿ. ಶಿರಸಿ ಮಾರಿಕಾಂಬಾ ಗುಡಿಯ ಗೋಡೆ ನೋಡಿದವರಿಗೆ ಗೊತ್ತು: ಬಿಳಿ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದು ಹಸಿ ಇದ್ದಾಗಲೇ ಕೆರೆದು ಒಳಗಿನ ಬಿಳಿ ತೋರಿಸುವ ಕೆಲಸ ಅದು. ಅಲ್ಲಿ ಪ್ರತಿಯೊಂದು ಬಿಳಿ ಗೆರೆಯೂ ಕೆರೆದವನು ಬೇಕು ಅಂತಲೇ ಕೆರೆದದ್ದು. ನನ್ನ ಫೈಲಿನಲ್ಲಿ ನಾನು ಕೇಳದ ಕಡೆಯೆಲ್ಲ ಸಾಫ್ಟ್‌ವೇರೇ ಕೆರೆದುಕೊಡುತ್ತದೆ. ಕೆಂಪು ತ್ರಿಕೋನಕ್ಕೆ ಒತ್ತಿಕೊಂಡು ಕಂದು ಚೌಕ ಇಟ್ಟರೆ ಸಾಕು, ನಡುವೆ ಗೀಟು.

ಪಿಡಿಎಫ್ ಕಳಿಸಿದ ಹತ್ತು ನಿಮಿಷಕ್ಕೆ ಫೋನು.

"ತಮ್ಮಾ, ಇದೆಂತದು, ಮಧ್ಯ ಮಧ್ಯ ಬಿಳೀ ಗೀಟು ಕಾಣ್ತಲಾ?"

"ಅದು ಸ್ಕ್ರೀನಲ್ಲಿ ಮಾತ್ರ ಹೆಗಡೇರೇ, ಪ್ರಿಂಟಲ್ಲಿ ಬರೂದಿಲ್ಲ."

"ಸ್ಕ್ರೀನಲ್ಲಿ ಇದ್ದದ್ದು ಪ್ರಿಂಟಲ್ಲಿ ಬತ್ತಿಲ್ಯ?"

ಏನು ಹೇಳಲಿ ಇದಕ್ಕೆ? ಆಂಟಿ-ಅಲಿಯಾಸಿಂಗ್ ಬಗ್ಗೆ ಪಾಠ ಮಾಡಲೋ? ಮಾಡಿಯೂ ನೋಡಿದ್ದೇನೆ. "ಇರ್ಲಿ ಬಿಡು, ಅದೊಂಚೂರು ತೆಗೆದು ಕಳ್ಸು" ಅನ್ನೋದೇ ಉತ್ತರ.

ಅವರಿಗೆ ಹೇಳಲಾಗದ್ದನ್ನು ಇಲ್ಲಾದರೂ ಹೇಳಿಬಿಡುತ್ತೇನೆ. ಓರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣಬಾರದು ಅಂತ ಸಾಫ್ಟ್‌ವೇರು ಅಂಚಿನ ಪಿಕ್ಸೆಲ್ಲಿಗೆ, ಅಂದರೆ ಸ್ಕ್ರೀನಿನ ಚುಕ್ಕಿಗೆ, ಅರೆಬಣ್ಣ ಹಚ್ಚುತ್ತದೆ. ಆಂಟಿ-ಅಲಿಯಾಸಿಂಗ್ ಅಂದರೆ ಇದೇ. ಮೊದಲ ತ್ರಿಕೋನ ಒಂದು ಪಿಕ್ಸೆಲ್ಲಿನ ಅರ್ಧ ಮುಚ್ಚಿತು ಅನ್ನಿ. ಅಲ್ಲಿ 50% ಕೆಂಪು, 50% ಹಿನ್ನೆಲೆಯ ಬಿಳಿ. ಎರಡನೆಯ ತ್ರಿಕೋನ ಉಳಿದ ಅರ್ಧ ಮುಚ್ಚುತ್ತದಲ್ಲ, ಅಲ್ಲಿಗೆ 100% ಆಗಬೇಕು ತಾನೇ? ಆಗೋದಿಲ್ಲ. ಮೊದಲನೆಯದು ಯಾವ ಅರ್ಧ ಮುಚ್ಚಿತ್ತು ಅನ್ನೋದು ಆಗಲೇ ಮರೆತುಹೋಗಿದೆ. ಹಾಗಾಗಿ ಎರಡನೆಯದು ಉಳಿದ ಬಿಳಿಯಲ್ಲಿ ಅರ್ಧವನ್ನಷ್ಟೇ ಮುಚ್ಚುತ್ತದೆ. ಒಟ್ಟು 75%. ಬಾಕಿ 25% ಬಿಳಿ ಹಾಗೇ ಇಣುಕುತ್ತದೆ. ನಮ್ಮ ಗೀಟು ಅಂದರೆ ಇದೇ.

ಚಿತ್ರದ ಮೇಲೆ ಚಿತ್ರ ಬೆರೆಸುವ ಈ ಲೆಕ್ಕವನ್ನು ಪೋರ್ಟರ್ ಮತ್ತು ಡಫ್ ಅನ್ನುವ ಇಬ್ಬರು ಕಂಪ್ಯೂಟರ್ ಗ್ರಾಫಿಕ್ಸ್‌ನವರು 1984ರಲ್ಲೇ ಬರೆದಿಟ್ಟರು. ಲೆಕ್ಕದ ಮೇಲೆ ನನಗೆ ಸಿಟ್ಟಿಲ್ಲ, ಒಂದರ ಮೇಲೊಂದು ಬರುವ ಚಿತ್ರಕ್ಕೆ ಅದು ಚೆನ್ನಾಗೇ ಇದೆ. ಅಂಚಿಗೆ ಅಂಚು ತಾಗುವ ಆಕೃತಿಗೆ ಅದು ಹೊಂದೋದಿಲ್ಲ ಅಂತ ಗೊತ್ತಿದ್ದೂ ಇವತ್ತಿಗೂ ಅದನ್ನೇ ಎಳೆಯುತ್ತಿದ್ದಾರಲ್ಲ, ಸಿಟ್ಟು ಅದಕ್ಕೆ. ಬೇರೆ ದಾರಿ ಇರಲಿಲ್ಲ ಅನ್ನಬೇಡಿ. 2020ರ ಕೊನೆಗೆ ಬಾಗಿಲು ಹಾಕಿದ, ವೆಬ್ಬಿನಲ್ಲಿ ಆನಿಮೇಶನ್ ತೋರಿಸುತ್ತಿದ್ದ ಫ್ಲ್ಯಾಶ್‌ನಲ್ಲಿ ಪ್ರತಿ ಗೆರೆಗೂ ಎಡಕ್ಕೆ ಯಾವ ಬಣ್ಣ, ಬಲಕ್ಕೆ ಯಾವ ಬಣ್ಣ ಅಂತ ಎರಡೂ ಬರೆದಿಡುತ್ತಿದ್ದರು. ಅಂಚು ಒಂದೇ, ಬಣ್ಣ ಎರಡು, ನಡುವೆ ಹಿನ್ನೆಲೆ ನುಗ್ಗಲು ಜಾಗವೇ ಇಲ್ಲ. ಸತ್ತ ಸಾಫ್ಟ್‌ವೇರಿಗೆ ಇದ್ದ ಬುದ್ಧಿ ಬದುಕಿದ್ದವಕ್ಕೆ ಇಲ್ಲ!

ಇನ್ನು ಸಲಹೆ ಕೊಡುವವರು. "ಅದೇ ಬಣ್ಣದ ಔಟ್‌ಲೈನ್ ಹಾಕು." ಹಾಕಿದೆ. ಗೀಟು ಹೋಯಿತು, ತ್ರಿಕೋನ ಊದಿಕೊಂಡು ಚೂಪು ತುದಿ ಪಕ್ಕದವನ ಮನೆಗೆ ನುಗ್ಗಿತು. "ಒಂದರ ಮೇಲೊಂದು ಸ್ವಲ್ಪ ಹತ್ತಿಸಿಡು." ಗಟ್ಟಿ ಬಣ್ಣಕ್ಕೆ ಸರಿ, ಪಾರದರ್ಶಕ ಬಣ್ಣ ಇದ್ದರೆ ಹತ್ತಿಸಿದಲ್ಲಿ ಕಪ್ಪಗಿನ ಪಟ್ಟಿ. ಬಿಳಿ ಹೋಗಿ ಕಪ್ಪು ಬಂತು, ಭಾಗ್ಯ. "ವೆಲ್ಡ್ ಮಾಡು, ಎರಡನ್ನೂ ಸೇರಿಸಿ ಒಂದೇ ಆಕೃತಿ ಮಾಡು." ಒಂದೇ ಬಣ್ಣದ್ದಾದರೆ ಮಾಡಬಹುದು ಮಾರಾಯ್ರೆ, ಎರಡು ಬಣ್ಣವನ್ನು ಹೇಗೆ ವೆಲ್ಡ್ ಮಾಡ್ಲಿ? "ಆಂಟಿ-ಅಲಿಯಾಸಿಂಗ್ ಬಂದ್ ಮಾಡು." ಆಗ ಗೀಟು ಮಾಯ, ಓರೆ ಅಂಚೆಲ್ಲ ಗರಗಸದ ಹಲ್ಲು.

"ಪ್ರಿಂಟಲ್ಲಿ ಬರೋದಿಲ್ಲ" ಅನ್ನೋ ಮಾತೂ ಅರ್ಧ ಸುಳ್ಳು. ಪತ್ರಿಕೆ ಮುದ್ರಣಕ್ಕೆ ಪಿಡಿಎಫ್ ಹೋದರೆ ರೆಸಲ್ಯೂಶನ್ ಅಷ್ಟು ಜಾಸ್ತಿ ಇರುತ್ತದೆ, ಗೀಟು ಸಾಮಾನ್ಯವಾಗಿ ಕಣ್ಣಿಗೆ ಬೀಳೋದಿಲ್ಲ. ಫ್ಲೆಕ್ಸಿಗೆ ಕೊಡುವಾಗ ನೋಡಿ ಮಜಾ. ಫ್ಲೆಕ್ಸ್‌ನವರಿಗೆ ಜೆಪಿಜಿ ಬೇಕು, ಅದೂ ಕಡಿಮೆ ಡಿಪಿಐದು, ಇಂಚಿಗೆ ಕೆಲವೇ ಚುಕ್ಕಿ ಇರುವಂಥದ್ದು. ಎಕ್ಸ್‌ಪೋರ್ಟ್ ಮಾಡಿದ ಕ್ಷಣಕ್ಕೆ ಬರೀ ಸ್ಕ್ರೀನಲ್ಲಿದ್ದ ಗೀಟು ಚಿತ್ರದೊಳಗೇ ಪಿಕ್ಸೆಲ್ ಆಗಿ ಅಂಟಿಕೊಂಡಿತು. ಆಮೇಲೆ ಅದು ಹತ್ತು ಅಡಿ ಬ್ಯಾನರಿನಲ್ಲಿ ದೊಡ್ಡದಾಗಿ ರಸ್ತೆ ಮೇಲೆ ನೇತಾಡುತ್ತದೆ, ಕೆಳಗೆ ಮೂಲೆಯಲ್ಲಿ ನನ್ನ ಅಂಗಡಿ ಹೆಸರು!

ನಿಜವಾದ ಸಂದಿಯೋ ಸುಳ್ಳು ಗೀಟೋ ಅಂತ ನೋಡಲು ಒಂದು ಉಪಾಯ ಇದೆ. ಝೂಮ್ ಮಾಡುತ್ತಾ ಹೋಗಿ. ನಿಜವಾದ ಸಂದಿಯಾದರೆ ಅಗಲ ಆಗುತ್ತಾ ಬರುತ್ತದೆ. ಎಷ್ಟು ಝೂಮ್ ಮಾಡಿದರೂ ಸಪೂರವಾಗೇ ಉಳಿದರೆ ಸುಳ್ಳು. ಎಕ್ಸ್‌ಪೋರ್ಟಿಗೂ ಒಂದು ದಾರಿ ಇದೆ. ಆಂಟಿ-ಅಲಿಯಾಸಿಂಗ್ ಇಲ್ಲದೆ ನಾಲ್ಕು ಪಟ್ಟು ದೊಡ್ಡದಾಗಿ ತೆಗೆದು, ಆಮೇಲೆ ಫೋಟೋ ಸಾಫ್ಟ್‌ವೇರಿನಲ್ಲಿ ಕುಗ್ಗಿಸಿದರೆ ಗೀಟೂ ಇಲ್ಲ, ಗರಗಸವೂ ಇಲ್ಲ. ನಾನು ಈಗ ಮಾಡುತ್ತಿರೋದು ಅದನ್ನೇ. ಹತ್ತು ಅಡಿ ಬ್ಯಾನರನ್ನು ನಾಲ್ಕು ಪಟ್ಟಿಗೆ ತೆಗೆಯುವಾಗ ನನ್ನ ಹಳೇ ಕಂಪ್ಯೂಟರು ಉಸಿರು ಕಟ್ಟಿ ಕೂರುತ್ತದೆ. ಮಳೆಗಾಲದಲ್ಲಿ ನಡುವೆ ಕರೆಂಟೂ ಹೋಗುತ್ತದೆ, ಮತ್ತೆ ಮೊದಲಿಂದ. ಈ ಕೆಲಸಕ್ಕೆ ಗಿರಾಕಿ ಒಂದು ರೂಪಾಯಿ ಹೆಚ್ಚು ಕೊಡೋದಿಲ್ಲ, ಗೀಟು ಇಲ್ಲದಿದ್ದದ್ದಕ್ಕೆ ಯಾರು ದುಡ್ಡು ಕೊಡ್ತಾರೆ?

ಸಾಫ್ಟ್‌ವೇರ್ ಮಾಡುವವರೇ, ನಿಮ್ಮ ಹತ್ರ ಕೇಳೋದು ಒಂದೇ ಒಂದು ಟಿಕ್ ಬಾಕ್ಸ್: "ಈ ಎರಡು ಅಂಚು ಒಂದೇ." ಹೊಸ ಆವೃತ್ತಿಯಲ್ಲಿ ಏನು ಕೊಟ್ಟಿದ್ದೀರಿ ಅಂತ ತೆರೆದು ನೋಡಿದೆ. ಮಾತು ಟೈಪ್ ಮಾಡಿದರೆ ಚಿತ್ರ ತಾನೇ ಬರೆದುಕೊಡುವ ಬಟನ್ ಇದೆ. ಕಾವಿ ಬಾರ್ಡರ್ ಬರೆದುಕೊಡು ಅಂದೆ. ಬರೆದುಕೊಟ್ಟಿತು, ಪ್ರತಿ ತ್ರಿಕೋನದ ನಡುವೆ ಗೀಟಿನ ಸಮೇತ.