ಟೇಸ್ಟಿಂಗ್ ಪೌಡರ್‌ಗೂ ಎಎಲ್‌ಎಸ್ ಕಾಯಿಲೆಗೂ ಸಂಬಂಧ ಇಲ್ಲ

ಎಎಲ್‌ಎಸ್ ಕಾಯಿಲೆ ಬಗ್ಗೆ ನೀವು ಬರ್ದ ಲೇಖನದಲ್ಲಿ, ನರಗಳ ನಡುವೆ ಸಂದೇಶ ಒಯ್ಯೋ ಗ್ಲುಟಮೇಟ್ ಅನ್ನೋ ರಾಸಾಯನಿಕ ಜಾಸ್ತಿಯಾಗಿ ಮೋಟಾರ್ ನ್ಯೂರಾನ್ (ಸ್ನಾಯು ಆಡಿಸೋ ನರಕೋಶ) ಸಾಯ್ತವೆ ಅಂತ ಇರೋದು ಸರಿನೇ, ಆದ್ರೆ ಅದನ್ನ ಓದಿ ಹೇಳಿದ ತಕ್ಷಣ ತಿಪಟೂರಲ್ಲಿರೋ ನಮ್ ದೊಡ್ಡಮ್ಮ, ಹಂಗಾದ್ರೆ ನಿಮ್ ದೊಡ್ಡಪ್ಪಂಗೆ ಗೋಬಿಗೆ ಹಾಕೋ ಟೇಸ್ಟಿಂಗ್ ಪೌಡರ್ (ಅಜಿನೊಮೊಟೊ, ಅದ್ರಲ್ಲೂ ಇರೋದು ಗ್ಲುಟಮೇಟೇ) ಇಂದ ಬಂತೇನೋ ಅಂತ ಅತ್ರು. ಇಲ್ಲ ಕಣ್ರಿ. ಊಟದ ಗ್ಲುಟಮೇಟ್ ಬಹುಪಾಲು ಕರುಳಲ್ಲೇ ಖರ್ಚಾಗುತ್ತೆ. ಇಲ್ಲಿ ಹೇಳ್ತಿರೋದು ನರದ ತುದಿಯಿಂದ ಬರೋದು, ಪಕ್ಕದ ಕೋಶಗಳು ಅದನ್ನ ವಾಪಸ್ ಎಳ್ಕೋಬೇಕು, ಎಳ್ಕೊಳ್ದೆ ಅಲ್ಲೇ ಉಳಿದ್ರೆ ನ್ಯೂರಾನ್ ಒಳಗೆ ಕ್ಯಾಲ್ಸಿಯಂ ನುಗ್ಗಿ ಅದು ಹಾಳಾಗುತ್ತೆ. 1995ರಲ್ಲಿ ಬಂದ ರಿಲುಜೋಲ್ ಮಾತ್ರೆ ಆ ಗ್ಲುಟಮೇಟ್ ಬಿಡುಗಡೆನೇ ಕಮ್ಮಿ ಮಾಡೋದು, ವಾಸಿ ಮಾಡಲ್ಲ, ಕೆಲವು ತಿಂಗಳು ಜಾಸ್ತಿ ಕೊಡುತ್ತೆ.

ದೊಡ್ಡಪ್ಪಂಗೆ ಮೊದ್ಲು ಕಾಯಿ ಸುಲಿಯೋಕೆ ಕೈ ಬರ್ದಂಗಾಯ್ತು, ಒಂದ್ ವರ್ಷ ಕತ್ತಿನ ನರ ಅಂದ್ಕೊಂಡು ಬೆಲ್ಟ್ ಹಾಕಿಸಿದ್ರು, ಬೆಂಗಳೂರಲ್ಲಿ ಇಎಂಜಿ (ಸ್ನಾಯು, ನರದ ವಿದ್ಯುತ್ ಪರೀಕ್ಷೆ) ಮಾಡಿಸಿದ್ಮೇಲೇ ಗೊತ್ತಾಗಿದ್ದು.

ಇನ್ನೊಂದು, ಎಸ್‌ಒಡಿ1 ಅನ್ನೋ ಎಂಜೈಮ್ (ಕೋಶಕ್ಕೆ ಹಾನಿ ಮಾಡೋ ಆಮ್ಲಜನಕದ ಕಣಗಳನ್ನ ತೆಗೆಯೋ ಪ್ರೋಟೀನ್) ಕಮ್ಮಿಯಾಗಿ ಕಾಯಿಲೆ ಬರುತ್ತೆ ಅಂತ ಬರ್ದಿದೀರ, ದಯವಿಟ್ಟು ತಿದ್ದಿ. 1993ರಲ್ಲಿ ಆ ಎಂಜೈಮ್ ಮಾಡಿಸೋ ಜೀನ್‌ನಲ್ಲಿ ದೋಷ ಸಿಕ್ಕಿದ್ಮೇಲೆ ಗೊತ್ತಾಗಿದ್ದು ಏನಂದ್ರೆ ಎಂಜೈಮ್ ಕೊರತೆಗಿಂತ, ಆಕಾರ ಕೆಟ್ಟ ಎಂಜೈಮ್ ಗಂಟು ಕಟ್ಟಿ ವಿಷ ಆಗೋದೇ ಮುಖ್ಯ. ಅದಕ್ಕೇ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಟೋಫರ್ಸೆನ್ ಅನ್ನೋ ಔಷಧಿ ಆ ಎಂಜೈಮ್ ತಯಾರಾಗೋದನ್ನೇ ಕಮ್ಮಿ ಮಾಡುತ್ತೆ, ಆ ಜೀನ್ ದೋಷ ಇರೋರಿಗೆ ಮಾತ್ರ. ದೊಡ್ಡಪ್ಪಂಗೆ ಅದು ಇರ್ಲಿಲ್ಲ.