ಸುತ್ತಿಗೆ ಎತ್ತುವ ಮೊದಲು ಅಲಾಯ್ ತಿರುಗಿಸಿ ನೋಡಿ

ಕಾರು ಇಳಿಸುವುದು, ಅಂದರೆ ಸ್ಪ್ರಿಂಗ್ ಬದಲಿಸಿ ಬಾಡಿಯನ್ನು ನೆಲಕ್ಕೆ ಹತ್ತಿರ ತರುವುದು, ಸರಿಯೋ ತಪ್ಪೋ ಅನ್ನುವ ಜಗಳ ಇವತ್ತು ಬೇಡ. ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಅದನ್ನೇ ಎತ್ತಿಹಿಡಿದ 2019ರ ಸುಪ್ರೀಂ ಕೋರ್ಟ್ ತೀರ್ಪೂ ಇದೆ. ಎಲ್ಲ ಗೊತ್ತಿದ್ದೂ ಇಳಿಸುವವರು ಇಳಿಸಿಯೇ ಇಳಿಸುತ್ತಾರೆ. ನನ್ನ ತಕರಾರು ಇಳಿಸಿದ ಮೇಲಿನದ್ದು.

ಹಿಂದಿನ ಸೀಟಲ್ಲಿ ಮೂವರು ಕೂತರೆ ಸಾಕು, ಹಂಪ್ ದಾಟುವಾಗ ‘ಜರ್ರ್’ ಅಂತ ಸದ್ದು. ಟೈರ್ ಬಾಡಿಗೆ ಟಚ್ ಆಗ್ತಿದೆ. ಮಾಲೀಕ ನೇರ ಟಿಂಕರಿಂಗ್ ಶೆಡ್ಡಿಗೆ ಹೋಗುತ್ತಾನೆ. “ಸ್ವಲ್ಪ ತಟ್ಟಿ ಕೊಡ್ತೀನಿ ಸಾರ್, ಸರಿಹೋಗುತ್ತೆ” ಅಂತ ಅಲ್ಲಿನ ಮೇಸ್ತ್ರಿ ಸುತ್ತಿಗೆ ಎತ್ತುತ್ತಾನೆ. ಎಲ್ಲಿ ಉಜ್ಜುತ್ತಿದೆ, ಯಾಕೆ ಉಜ್ಜುತ್ತಿದೆ ಅಂತ ಇಬ್ಬರೂ ಬಗ್ಗಿ ನೋಡಿರುವುದಿಲ್ಲ.

ಮುಂದಿನ ಫೆಂಡರ್ (ಚಕ್ರದ ಮೇಲಿನ ತಗಡು) ಹಾಳಾದರೆ ಬೋಲ್ಟ್ ಬಿಚ್ಚಿ ಬೇರೆ ಹಾಕಬಹುದು. ಹಿಂದಿನದು ಬಾಡಿಗೇ ವೆಲ್ಡ್ ಆದ ತಗಡು. ಚಕ್ರದ ಮೇಲೆ ಒಳಕ್ಕೆ ಮಡಚಿದ ಅಂಚು ಇದೆಯಲ್ಲ, ಅಲ್ಲೇ ಹೊರ ತಗಡು ಒಳ ತಗಡು ಎರಡೂ ಸೇರುವುದು. ಅದಕ್ಕೆ ಸೀಲೆಂಟ್ ಹಚ್ಚಿರುತ್ತಾರೆ. ಸುತ್ತಿಗೆ ಏಟಿಗೆ ಪೇಂಟೂ ಒಡೆಯುತ್ತೆ, ಸೀಲೆಂಟೂ ಬಿಡುತ್ತೆ. ಆಮೇಲೆ ಕರಾವಳಿಯ ಒಂದು ಮಳೆಗಾಲ ಸಿಕ್ಕರೆ ಸಾಕು, ಒಳಗಿನಿಂದ ತುಕ್ಕು ಶುರು.

ನಮ್ಮ ಚಿಕ್ಕಪ್ಪನ ಮಗನ ಸ್ವಿಫ್ಟ್‌ನಲ್ಲೂ ಇದೇ ಗೋಳು. ಕಂಪನಿ ಟೈರ್ 185/65 ಆರ್15, ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ 15 ಇಂಚು. ಲೋವರಿಂಗ್ ಸ್ಪ್ರಿಂಗ್ ಜೊತೆಗೆ 7 ಇಂಚು ಅಗಲದ ಅಲಾಯ್ ಚಕ್ರ, 205/55 ಆರ್16 ಟೈರ್ ಹಾಕಿಸಿದ್ದ. ಎಲ್ಲರೂ ಸ್ಪ್ರಿಂಗ್ ಕಡೆ ಬೆರಳು ತೋರಿಸುತ್ತಿದ್ದರು. ನಾನು ಅಲಾಯ್ ಬಿಚ್ಚಿಸಿ ತಿರುಗಿಸಿದೆ. ಹಿಂಬದಿಯಲ್ಲಿ, ಕಡ್ಡಿಯ ಬುಡದಲ್ಲಿ, ಬ್ರೇಕ್ ಧೂಳು ಒರೆಸಿದರೆ ‘ಇಟಿ35’ ಅಂತ ಎರಕದಲ್ಲೇ ಇತ್ತು. ಇದೇ ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್‌ಗೆ (ಚಕ್ರವನ್ನು ಬೋಲ್ಟ್ ಮಾಡುವ ಭಾಗ) ಕೂರುವ ಮುಖಕ್ಕಿರುವ ದೂರ, ಮಿ.ಮೀ. ಲೆಕ್ಕದಲ್ಲಿ. ಈ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಹಳೆಯದು 6 ಇಂಚು, ಇಟಿ45 ಅಂತ ಇಟ್ಟುಕೊಳ್ಳಿ. ಆಫ್‌ಸೆಟ್‌ನಿಂದ 10 ಮಿ.ಮೀ., ಅಗಲದಿಂದ ಇನ್ನೊಂದು 12.7. ರಿಮ್ಮಿನ ಅಂಚು ಹತ್ತಿರ ಹತ್ತಿರ 23 ಮಿ.ಮೀ. ಹೊರಗೆ! ಸಾಲದ್ದಕ್ಕೆ ಈ ಟೈರ್ ಕಂಪನಿ ಟೈರಿಗಿಂತ 5 ಮಿ.ಮೀ. ಮೇಲಕ್ಕೂ ಹೋಗುತ್ತದೆ. 195/55 ಆರ್16 ಹಾಕಿದ್ದರೆ ಎತ್ತರ ಕಂಪನಿ ಟೈರಿನಷ್ಟೇ ಇರುತ್ತಿತ್ತು. ಪಾಪ, ಸ್ಪ್ರಿಂಗ್ ಏನು ಮಾಡೀತು?

ಎಲ್ಲಿ ಉಜ್ಜುತ್ತಿದೆ ಅಂತ ತಿಳಿಯಲು ಫೆಂಡರ್ ಅಂಚಿಗೆ ಬಳಪ ಬಳಿದು, ಜನ ಕೂರಿಸಿ ಒಂದು ಸುತ್ತು ಹೋಗಿಬನ್ನಿ. ಟೈರಿನ ಹೊರ ಭುಜದಲ್ಲಿ ಬಿಳಿ ಹತ್ತಿದ್ದರೆ ಅಂಚಿನದೇ ತೊಂದರೆ. ಟೈರಿನ ಒಳಮಗ್ಗುಲು ಉಜ್ಜಿ ಹೊಳಪು ಬಂದಿದ್ದರೆ ಅಂಚನ್ನು ಎಷ್ಟು ತಟ್ಟಿದರೂ ದಂಡ. ಲಿಫ್ಟ್ ಮೇಲೆ ಏರಿಸಿ ನೋಡಿದರೆ ಏನೂ ಗೊತ್ತಾಗಲ್ಲ, ಚಕ್ರ ಜೋತುಬಿದ್ದಿರುತ್ತದೆ. ಸರಿಯಾಗಿ ನೋಡಬೇಕೆಂದರೆ ಬಾಡಿಯನ್ನು ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ಕೂರಿಸಿ, ಹಿಂದಿನ ಸ್ಪ್ರಿಂಗ್ ಎರಡೂ ತೆಗೆದು, ಚಕ್ರ ಹಾಕಿ, ಬಂಪ್ ಸ್ಟಾಪ್ (ಚಕ್ರ ಇನ್ನೂ ಮೇಲೆ ಹೋಗದಂತೆ ತಡೆಯುವ ರಬ್ಬರ್) ಮುಟ್ಟುವವರೆಗೆ ಜಾಕ್‌ನಿಂದ ಎತ್ತಬೇಕು. ಒಂದು ಚಕ್ರ ಮಾತ್ರ ಎತ್ತಿ ನೋಡಿ, ಎರಡನ್ನೂ ಒಟ್ಟಿಗೆ ಎತ್ತಿಯೂ ನೋಡಿ. ಜೋರಾಗಿ ಗುಂಡಿಗೆ ಬಿದ್ದಾಗ ಆ ರಬ್ಬರ್ ಇನ್ನೂ ಕುಗ್ಗುತ್ತದೆ, ಹಾಗಾಗಿ ಸ್ವಲ್ಪ ಜಾಸ್ತಿ ಜಾಗ ಬಿಡಿ. ನಾವು ಹೀಗೆ ಎತ್ತಿದಾಗ ಟೈರಿನ ಭುಜ ನೇರವಾಗಿ ಅಂಚಿಗೆ ಬಂದು ಕೂತಿತು. ಕಾಗದ ತೂರಿಸಲೂ ಸಂದಿಯಿಲ್ಲ.

ಚಕ್ರವನ್ನು ಹೊರಗೆ ತಳ್ಳಲು ಹಬ್‌ಗೂ ಚಕ್ರಕ್ಕೂ ನಡುವೆ ಹಾಕುವ ಬಿಲ್ಲೆ, ಅದೇ ಸ್ಪೇಸರ್, ಇದ್ದರೆ ಮೊದಲು ಅದನ್ನು ಕಿತ್ತುಹಾಕಿ. ಆಮೇಲೆ ಟೈರ್ ಸೈಜು, ಆಮೇಲೆ ಅಲಾಯ್. ಇಷ್ಟಾಗಿಯೂ ಒಂದೆರಡು ಮಿ.ಮೀ. ಸಾಲದಿದ್ದರೆ ಮಾತ್ರ ಫೆಂಡರ್ ಅಂಚು. ಅದನ್ನೂ ಹಬ್‌ಗೆ ಬೋಲ್ಟ್ ಮಾಡುವ ರೋಲರ್‌ನಿಂದ, ಹೀಟ್ ಗನ್‌ನಲ್ಲಿ ಪೇಂಟ್ ಬಿಸಿ ಮಾಡುತ್ತಾ, ನಿಧಾನಕ್ಕೆ ಮಡಚಬೇಕು. ಮಡಚಿದ ಜಾಗಕ್ಕೆ ಸೀಲೆಂಟ್, ಪೇಂಟ್ ಹಚ್ಚಿಸುವುದನ್ನು ಮರೆಯಬೇಡಿ.

ಹಳೆಯ ವ್ಯಾಗನಾರ್, ಆಲ್ಟೋ ಇದ್ದವರಿಗೆ ಒಂದು ಮಾತು. ಅವುಗಳ ಹಿಂದಿನ ಆಕ್ಸಲ್‌ಗೆ ಒಂದು ಅಡ್ಡ ರಾಡ್ ಇರುತ್ತದೆ. ಗಾಡಿ ಇಳಿಸಿದರೆ ಆ ರಾಡು ಆಕ್ಸಲನ್ನೇ ಒಂದು ಪಕ್ಕಕ್ಕೆ ಸರಿಸುತ್ತದೆ. ಒಂದೇ ಕಡೆ ಟಚ್ ಆಗುತ್ತಿದ್ದರೆ ಎರಡೂ ಕಡೆ ಅಳತೆ ಹಿಡಿದು ನೋಡಿ.

ಇನ್ನು ಸ್ಪ್ರಿಂಗ್ ಕಟ್ ಮಾಡಿಸುವ ಮಹಾಶಯರು. ಸ್ವಿಫ್ಟ್ ಥರದ ಕಾರಲ್ಲಿ ಹಿಂದಿನ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್‌ನಿಂದ ಬೇರೆಯಾಗಿ ಕೂತಿರುತ್ತದೆ. ಕತ್ತರಿಸಿ ಗಿಡ್ಡ ಮಾಡಿದ ಸ್ಪ್ರಿಂಗ್ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಜೋತುಬಿದ್ದಾಗ ಜಾರಿ ಆಚೆ ಬಂದರೂ ಬಂತು. ಬಂಪ್ ಸ್ಟಾಪನ್ನೇ ಕಿತ್ತೆಸೆಯುವವರೂ ಇದ್ದಾರೆ. ಇಂಥವರ ಗಾಡಿಯ ಹಿಂದೆ ಸ್ವಲ್ಪ ದೂರದಲ್ಲೇ ಇರಿ.

ಹಂಪ್‌ಗಳನ್ನೂ ಬೈಯಬೇಕು ಬಿಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕಿತ್ತು. ನಮ್ಮ ಬಡಾವಣೆಗಳಲ್ಲಿ ಅಂಥದ್ದು ಕಂಡರೆ ಫೋಟೋ ಹಾಕಿ, ಪೂಜೆ ಮಾಡೋಣ.

ನಮ್ಮ ಹುಡುಗ ಕೊನೆಗೆ 205 ಮಾರಿ 195/55 ಹಾಕಿಸಿದ, ಅಲಾಯ್ ಕೂಡ ಬದಲಿಸಿದ. ಫೆಂಡರ್ ಮುಟ್ಟಬೇಕಾಗಲಿಲ್ಲ, ಸದ್ದು ನಿಂತಿತು. ಈಗ ಚಕ್ರ ಒಳಗೆ ಕೂತಂತೆ ಕಾಣುತ್ತದಂತೆ. “ಅಣ್ಣಾ, ಒಂದು ಸಣ್ಣ ಸ್ಪೇಸರ್ ಹಾಕಿಸ್ಲಾ?” ಅಂತ ಮೆಸೇಜ್ ಮಾಡಿದ್ದಾನೆ. ನಾನಿನ್ನೂ ಓಪನ್ ಮಾಡಿಲ್ಲ, ಮೇಲಿಂದಲೇ ಓದಿದ್ದೇನೆ.